ಕಲ್ಯಾಣದ ತೆರಣಿಯ ಹುಳು: ಬಸವಕಲ್ಯಾಣ–ಹುಮನಾಬಾದ ಪರಿಸರದಲ್ಲಿ ರೇಷ್ಮೆ, ಕೀಟ ಮತ್ತು ಆಹಾರ

ಕೀಟಗಳನ್ನು ಕುರಿತು ಕನ್ನಡ ಜಾನಪದ ಅಧ್ಯಯನವು ಹೇಳಿಕೊಳ್ಳುವಷ್ಟು ಗಮನ ಹರಿಸಿಲ್ಲ. ಹಸು, ಹುಲಿ, ಹಾವು, ನವಿಲುಗಳಿಗೆ ನಮ್ಮ ಸಂಶೋಧನೆಯಲ್ಲಿ ಗೌರವದ ಸ್ಥಾನವಿದೆ. ಹುಳುವಿಗೆ ದೊರೆತಿರುವುದು ಗಾದೆ, ಒಗಟುಗಳ ಸಂಗ್ರಹದ ಒಂದು ಮೂಲೆ ಮಾತ್ರ. ಆದರೆ ಮನುಷ್ಯನು ಕೀಟದಿಂದ ಪಡೆದದ್ದು ಅಲ್ಪವಲ್ಲ. ಪಂಚಾಮೃತದ ಜೇನು, ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅರಗು, ಎರಕದ ಕೆಲಸಕ್ಕೆ ಒದಗುವ ಮೇಣ, ದೇವರ ಮುಂದೆ ಉಡುವ ರೇಷ್ಮೆ ಇವೆಲ್ಲ ಹುಳುಗಳ ದುಡಿಮೆಯ ಫಲ. ದುಡಿಮೆಯ ಫಲವನ್ನು ಗರ್ಭಗುಡಿಯವರೆಗೆ ಬಿಟ್ಟುಕೊಂಡ ಸಮಾಜವು ದುಡಿದ ಜೀವಿಯನ್ನು ಎಲ್ಲಿ ಇರಿಸಿತು ಎಂಬ ಪ್ರಶ್ನೆಯನ್ನು ಪ್ರಸ್ತುತ ಲೇಖನವು ಬಸವಕಲ್ಯಾಣ ಹಾಗೂ ಹುಮನಾಬಾದ ಪರಿಸರವನ್ನು ಮುಂದಿಟ್ಟುಕೊಂಡು ಪರಿಶೀಲಿಸುತ್ತದೆ.

ಬೀದರ ಜಿಲ್ಲೆಯ ಈ ಎರಡು ಊರುಗಳು ರೇಷ್ಮೆಯ ಚರಿತ್ರೆಯಲ್ಲಿ ಸಾಮಾನ್ಯವಾಗಿ ಉಲ್ಲೇಖಗೊಳ್ಳುವುದಿಲ್ಲ. ರೇಷ್ಮೆ ಎಂದೊಡನೆ ರಾಮನಗರ, ಶಿಡ್ಲಘಟ್ಟ, ಕೊಳ್ಳೇಗಾಲ, ಮೈಸೂರುಗಳ ಹೆಸರು ಬರುತ್ತದೆ. ಪುಣೆ–ಹೈದರಾಬಾದ್ ಹೆದ್ದಾರಿಯ ಇಕ್ಕೆಲಗಳಲ್ಲಿ ಸಂಚರಿಸುವವರ ಕಣ್ಣಿಗೆ ಮೊದಲು ಬೀಳುವುದು ತೊಗರಿ, ಸೋಯಾ, ಕಬ್ಬಿನ ಹೊಲಗಳೇ. ಆದರೆ ಜಿಲ್ಲೆಯ ಕೆಲವು ರೈತರು ಈಚಿನ ದಶಕಗಳಲ್ಲಿ ಹಿಪ್ಪುನೇರಳೆ ನೆಟ್ಟು ಹುಳು ಸಾಕಣೆಗೆ ತೊಡಗಿದ್ದಾರೆ. ಹೀಗಾಗಿ ಒಂದು ವಿಶಿಷ್ಟ ಸನ್ನಿವೇಶ ಏರ್ಪಟ್ಟಿದೆ. ರೇಷ್ಮೆ ಹುಳುವನ್ನು ಕುರಿತ ಕನ್ನಡದ ಅತ್ಯಂತ ಪ್ರಸಿದ್ಧ ರೂಪಕ ಹನ್ನೆರಡನೆಯ ಶತಮಾನದ ಶರಣಪರಂಪರೆಗೆ, ಅಂದರೆ ಕಲ್ಯಾಣಕ್ಕೆ ಸೇರಿದ್ದು. ಹುಳುವನ್ನು ಸಾಕುವ ಕಸುಬು ಮಾತ್ರ ಅದೇ ನೆಲಕ್ಕೆ ಹೊಸದಾಗಿ ಬಂದದ್ದು. ಇವೆರಡರ ನಡುವಿನ ಅಂತರವೇ ಇಲ್ಲಿನ ಚರ್ಚೆಯ ವಸ್ತು.

೧. ಅರಮನೆಯ ಉಡುಗೆ, ಅರಮನೆಯ ಊಟ

ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನು ಹನ್ನೊಂದನೆಯ ಶತಮಾನದಲ್ಲಿ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತಂದನು. ಅದೇ ವಂಶದ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಸಂಸ್ಕೃತ ಗ್ರಂಥದ ಕಾಲವನ್ನು ವಿದ್ವಾಂಸರು ಸುಮಾರು 1129 ಎಂದು ಗುರುತಿಸುತ್ತಾರೆ. ಐದು ವಿಂಶತಿಗಳ, ನೂರು ಅಧ್ಯಾಯಗಳ ಈ ಕೃತಿಯು ರಾಜನ ಉಪಭೋಗಗಳನ್ನು ವರ್ಣಿಸುವಾಗ ವಸ್ತ್ರಕ್ಕೂ ಅನ್ನಕ್ಕೂ ಪ್ರತ್ಯೇಕ ಪ್ರಕರಣಗಳನ್ನು ಮೀಸಲಿಟ್ಟಿದೆ. ಒಂದೇ ಆಸ್ಥಾನದ ಉಡುಗೆಯನ್ನೂ ಊಟವನ್ನೂ ಒಂದೇ ಗ್ರಂಥದಲ್ಲಿ ಅಕ್ಕಪಕ್ಕದಲ್ಲಿ ಓದಲು ದೊರೆಯುವುದು ನಮ್ಮ ಉದ್ದೇಶಕ್ಕೆ ಬಹು ಉಪಯುಕ್ತವಾಗಿದೆ.

ವಸ್ತ್ರದ ಪ್ರಕರಣದಲ್ಲಿ ಹತ್ತಿ, ರೇಷ್ಮೆ ಮೊದಲಾದ ನೂಲುಗಳ ಬಟ್ಟೆಗಳೂ ಅವು ಬರುವ ನಾಡುಗಳೂ ಉಲ್ಲೇಖಗೊಂಡಿವೆ. ಚೋಳದೇಶ, ಗುಜರಾತಿನ ಅಣಹಿಲವಾಡ, ಮಹಾಚೀನಗಳ ಹೆಸರು ಅಲ್ಲಿವೆ. ಕಲ್ಯಾಣವು ದೂರದ ನೇಯ್ಗೆಗಳನ್ನು ತರಿಸಿಕೊಂಡು ಉಡುತ್ತಿದ್ದ ನಗರವೆಂಬುದು ಇದರಿಂದ ವಿದಿತವಾಗುತ್ತದೆ. ಇನ್ನು ಅನ್ನದ ಪ್ರಕರಣವು ಇಡ್ಡಲಿಗೆ, ದೋಸೆಗಳ ಪ್ರಾಚೀನ ರೂಪಗಳಿಗಾಗಿ ಪ್ರಸಿದ್ಧವಾಗಿದೆ. ಅದೇ ಪ್ರಕರಣದಲ್ಲಿ ಆಮೆಯ ಮಾಂಸ, ಏಡಿ, ಸುಟ್ಟ ಇಲಿಗಳ ಪಾಕವಿಧಾನಗಳೂ ಇವೆ ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಯಾವುದನ್ನು ತಿನ್ನಬಹುದು, ಯಾವುದನ್ನು ತಿನ್ನಬಾರದು ಎಂಬ ಗಡಿಯು ಕಾಲಕಾಲಕ್ಕೆ ಬದಲಾಗುತ್ತದೆ. ಇಂದು ಬಡತನದ ಗುರುತೆಂದು ಕೀಳಾಗಿ ಕಾಣುವ ಆಹಾರವು ಒಮ್ಮೆ ಚಕ್ರವರ್ತಿಯ ತಟ್ಟೆಯಲ್ಲಿತ್ತು. ಈ ಮಾತನ್ನು ಮುಂದೆ ಕೀಟಾಹಾರದ ಸಂದರ್ಭದಲ್ಲಿ ಮತ್ತೆ ನೆನೆಯಬೇಕಾಗುತ್ತದೆ.

೨. ತೆರಣಿಯ ಹುಳು

ಅರಮನೆಯ ಗ್ರಂಥದಲ್ಲಿ ರೇಷ್ಮೆಯು ವಸ್ತ್ರವಾಗಿ ಕಾಣಿಸಿಕೊಂಡರೆ, ಕೆಲವೇ ದಶಕಗಳ ತರುವಾಯ ಶರಣರ ವಚನದಲ್ಲಿ ಅದು ಹುಳುವಾಗಿ ಕಾಣಿಸಿಕೊಂಡಿತು. ಅಕ್ಕಮಹಾದೇವಿಯ ಸುಪರಿಚಿತ ವಚನವೊಂದರಲ್ಲಿ ತೆರಣಿಯ ಹುಳು, ಅಂದರೆ ರೇಷ್ಮೆ ಹುಳು, ಪ್ರೀತಿಯಿಂದ ಕಟ್ಟಿಕೊಂಡ ಗೂಡಿನೊಳಗೆ ತಾನೇ ಹೊರಡಿಸಿದ ಎಳೆಗೆ ಸಿಲುಕಿ ಅಳಿಯುವ ಚಿತ್ರವಿದೆ. ಮನದ ಆಸೆಗಳು ಮನುಷ್ಯನನ್ನು ಬಂಧಿಸುವ ಪರಿಗೆ ಅದು ಉಪಮಾನವಾಗಿದೆ. ಉಡುತಡಿಯಿಂದ ಕಲ್ಯಾಣಕ್ಕೆ ಬಂದು ಅಲ್ಲಮಪ್ರಭುವಿನೊಡನೆ ಸಂವಾದಿಸಿದಳೆಂದು ಪರಂಪರೆಯು ಹೇಳುವ ಅಕ್ಕನು ಉಟ್ಟ ಬಟ್ಟೆಯನ್ನೇ ತೊರೆದವಳು. ಬಟ್ಟೆಯನ್ನು ತೊರೆದವಳ ಮಾತಿನಲ್ಲಿ ಅತ್ಯಂತ ಬೆಲೆಬಾಳುವ ಬಟ್ಟೆಯ ಮೂಲಜೀವಿಗೆ ಸ್ಥಾನ ದೊರೆತದ್ದು ಗಮನಾರ್ಹ.

ಈ ರೂಪಕವನ್ನು ಚಾರಿತ್ರಿಕ ಆಕರವಾಗಿ ಬಳಸುವಾಗ ಎಚ್ಚರ ಅಗತ್ಯ. ಇದರಿಂದ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ರೇಷ್ಮೆ ಹುಳುವಿನ ಸಾಕಣೆ ಇತ್ತೆಂದು ತೀರ್ಮಾನಿಸಲಾಗದು. ತನ್ನ ಕೋಶದಲ್ಲಿ ತಾನೇ ಬಂಧಿಯಾಗುವ ಕೋಶಕಾರ ಕೀಟದ ದೃಷ್ಟಾಂತವು ಸಂಸ್ಕೃತದಲ್ಲಿ, ಮಹಾಭಾರತದ ಶಾಂತಿಪರ್ವದಲ್ಲಿಯೂ ಇದೆ. ಅಕ್ಕನಿಗೆ ಅದು ಪರಂಪರೆಯಿಂದ ಬಂದಿರಬಹುದು. ಆದರೆ ರೂಪಕದ ಒಳಗಿನ ಒಂದು ಸಂಗತಿ ವಿಚಾರಕ್ಕೆ ಅರ್ಹವಾಗಿದೆ. ನಿಸರ್ಗದಲ್ಲಿ ಹುಳುವು ಗೂಡಿನೊಳಗೆ ಸಾಯುವುದಕ್ಕಾಗಿ ಗೂಡು ಕಟ್ಟುವುದಿಲ್ಲ. ರೋಗ ತಗುಲದಿದ್ದರೆ ಅದು ಕೋಶಾವಸ್ಥೆಯನ್ನು ದಾಟಿ, ಸುಮಾರು ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಗೂಡಿನಲ್ಲಿಯೇ ಹುಳು ಸಾಯುವುದು ಸಾಮಾನ್ಯ ಸಂಗತಿಯಾಗುವುದು ಮನುಷ್ಯನು ಅಖಂಡ ಎಳೆಗಾಗಿ ಗೂಡನ್ನು ಬಿಸಿಲಿಗೆ, ಹಬೆಗೆ ಅಥವಾ ಬಿಸಿನೀರಿಗೆ ಒಡ್ಡಿದಾಗ. ಆದುದರಿಂದ ಈ ದೃಷ್ಟಾಂತವು ಕಾಡಿನ ಹುಳುವಿನದಲ್ಲ, ನೂಲಿನ ಹುಳುವಿನದು ಎಂದು ಊಹಿಸಲು ಅವಕಾಶವಿದೆ. ಆದರೂ ದೃಷ್ಟಾಂತದಲ್ಲಿ ನೀರು ಕಾಯಿಸುವ ಕೈ ಇಲ್ಲ. ಹುಳುವಿನ ಸಾವಿನ ಹೊಣೆಯೆಲ್ಲ ಹುಳುವಿನ ಮೇಲೆಯೇ ಬಿದ್ದಿದೆ. ಆಧ್ಯಾತ್ಮಿಕ ಆಶಯಕ್ಕೆ ಅದು ತಕ್ಕದ್ದೇ. ಕಸುಬಿನ ಚರಿತ್ರೆ ಬರೆಯುವವರು ಮಾತ್ರ ಆ ಕಾಣದ ಕೈಯನ್ನು ಹುಡುಕಬೇಕಾಗುತ್ತದೆ.

ಶರಣರ ಭಾಷೆಯು ಹುಳುವನ್ನು ತುಚ್ಛವೆಂದು ದೂರವಿರಿಸಲಿಲ್ಲ ಎಂಬುದಕ್ಕೆ ಬೇರೆ ನಿದರ್ಶನಗಳೂ ಇವೆ. ಕೀಟವು ಭ್ರಮರವನ್ನೇ ಧ್ಯಾನಿಸುತ್ತ ಭ್ರಮರವಾಗುವುದೆಂಬ ಕೀಟಭ್ರಮರ ನ್ಯಾಯವು ವೀರಶೈವ ಚಿಂತನೆಯಲ್ಲಿ ಮತ್ತೆ ಮತ್ತೆ ಬಳಕೆಯಾಗಿದೆ. ಕನ್ನಡದ ‘ಜೇಡ’ ಎಂಬ ಶಬ್ದಕ್ಕೆ ಬಲೆ ನೇಯುವ ಹುಳು ಎಂಬ ಅರ್ಥದ ಜೊತೆಗೆ ನೇಕಾರ ಎಂಬ ಅರ್ಥವೂ ಇದೆ. ಮುದನೂರಿನ ದಾಸಿಮಯ್ಯನು ಜೇಡರ ದಾಸಿಮಯ್ಯನಾದದ್ದು ಈ ಎರಡನೆಯ ಅರ್ಥದಿಂದ. ಪ್ರಾಣಿಶಾಸ್ತ್ರವು ಜೇಡವನ್ನು ಕೀಟವರ್ಗಕ್ಕೆ ಸೇರಿಸದಿದ್ದರೂ ಜನರ ವರ್ಗೀಕರಣದಲ್ಲಿ ಅದು ಹುಳುವೇ. ನೇಯುವ ಮನುಷ್ಯನಿಗೂ ನೇಯುವ ಹುಳುವಿಗೂ ಒಂದೇ ಹೆಸರು ಸಲ್ಲುವ ಭಾಷೆಯಲ್ಲಿ ಕಾಯಕವೇ ಜೀವಿಯ ಗುರುತಾಗಿದೆ.

೩. ಉಡುವವರ ನಾಡು

ಪ್ರಾಚೀನ ಭಾರತದಲ್ಲಿ ರೇಷ್ಮೆ ನೇಯುವವರು, ಹುಳು ಸಾಕುವವರು, ರೇಷ್ಮೆ ಉಡುವವರು ಒಂದೇ ಊರಿನವರಾಗಿರಬೇಕೆಂಬ ನಿಯಮವಿರಲಿಲ್ಲ. ಐದನೆಯ ಶತಮಾನದ ಮಂದಸೋರ್ ಶಾಸನವು ಲಾಟದೇಶದಿಂದ ದಶಪುರಕ್ಕೆ ವಲಸೆ ಬಂದ ಪಟ್ಟವಸ್ತ್ರದ ನೇಕಾರ ಶ್ರೇಣಿಯನ್ನು ದಾಖಲಿಸುತ್ತದೆ. ಅವರು 437ರಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿ, 473ರಲ್ಲಿ ಅದನ್ನು ಜೀರ್ಣೋದ್ಧಾರ ಮಾಡಿಸಿದರು. ಶಾಸನವು ಹೊಗಳುವುದು ನೇಕಾರರನ್ನೂ ಅವರ ವಸ್ತ್ರವನ್ನೂ. ಕರ್ನಾಟಕದ ಪಟ್ಟೇಗಾರರ ಕಸುಬಿನ ಹೆಸರು ಸಹ ‘ಪಟ್ಟ’ದಿಂದಲೇ ಬಂದದ್ದು. ಪಟ್ಟ, ದುಕೂಲ, ಕೌಶೇಯ, ಚೀನಾಂಶುಕ ಎಂಬ ಹಳೆಯ ಹೆಸರುಗಳ ಸಾಲಿಗೆ ತರುವಾಯ ಪಾರಸಿ ಮೂಲದ ‘ರೇಷ್ಮೆ’ ಬಂದು ಸೇರಿ, ಕನ್ನಡದಲ್ಲಿ ಎಲ್ಲವನ್ನೂ ಹಿಂದಿಕ್ಕಿತು.

ಬಹಮನಿ ಅರಸರ ಕಾಲದಿಂದ ನಿಜಾಮರ ಆಳ್ವಿಕೆಯವರೆಗೆ ದಖನ್ನಿನ ಸಂಸ್ಕೃತಿಯೊಳಗೆ ಬೆಳೆದ ಬೀದರ ಸೀಮೆಯಲ್ಲಿ ರೇಷ್ಮೆಯನ್ನು ಕುರಿತ ನೈತಿಕ ಸಂಕೋಚಗಳು ಬೇರೆ ಬೇರೆ ಸಮುದಾಯಗಳಲ್ಲಿ ಬೇರೆ ಬೇರೆ ರೂಪ ತಳೆದವು. ಗಂಡಸರು ಅಪ್ಪಟ ರೇಷ್ಮೆಯನ್ನು ಉಡಬಾರದೆಂಬ ಇಸ್ಲಾಮೀ ವಿಧಿಯನ್ನು ಮೀರದಂತೆ, ಮೇಲ್ಮುಖದಲ್ಲಿ ರೇಷ್ಮೆಯೂ ಮೈಗೆ ತಾಗುವ ಕಡೆ ಹತ್ತಿಯೂ ಇರುವ ‘ಮಶ್ರು’ ಎಂಬ ಬಟ್ಟೆ ಬಳಕೆಗೆ ಬಂದಿತು. ಆ ಹೆಸರಿನ ಅರ್ಥವೇ ‘ವಿಧಿಸಮ್ಮತ’ ಎಂದು. ವೈದಿಕ ಮನೆಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಹತ್ತಿಗಿಂತ ರೇಷ್ಮೆಯೇ ಹೆಚ್ಚು ಮಡಿ. ಉತ್ತರ ಕರ್ನಾಟಕದಲ್ಲಿ ಪೂಜೆಗೆ ಕೂಡುವವರು ಉಡುವ ‘ಮುಗುಟ’ ಇದಕ್ಕೆ ಸಾಕ್ಷಿ. ಒಂದು ಸಂಪ್ರದಾಯವು ವೈಭವದ ಕಾರಣಕ್ಕಾಗಿ ರೇಷ್ಮೆಯನ್ನು ಮೈಯಿಂದ ದೂರವಿರಿಸಿದರೆ, ಇನ್ನೊಂದು ಶುದ್ಧಿಯ ಕಾರಣಕ್ಕಾಗಿ ಮೈಗೆ ಹತ್ತಿರ ತಂದುಕೊಂಡಿತು. ಎರಡರಲ್ಲಿಯೂ ಹುಳುವಿನ ಸಾವು ಮುಖ್ಯ ಪ್ರಶ್ನೆಯಾಗಲಿಲ್ಲ. ಆ ಪ್ರಶ್ನೆಯನ್ನು ಮಗ್ಗದ ಮಟ್ಟಕ್ಕೆ ತಂದವರಲ್ಲಿ ಹೈದರಾಬಾದಿನ ಕುಸುಮ ರಾಜಯ್ಯ ಪ್ರಮುಖರು. 1990ರ ದಶಕದಿಂದ ಅವರು ಚಿಟ್ಟೆ ಹೊರಬಂದ ನಂತರದ ಗೂಡಿನಿಂದ ‘ಅಹಿಂಸಾ ರೇಷ್ಮೆ’ಯನ್ನು ರೂಪಿಸಿದರು. ತೂತಾದ ಗೂಡಿನಿಂದ ಅಖಂಡ ಎಳೆ ಬಿಚ್ಚಲಾಗದು. ಅದನ್ನು ಹತ್ತಿಯಂತೆ ನೂಲಬೇಕು. ಹೊಳಪು ಕುಗ್ಗುತ್ತದೆ, ಬೆಲೆ ಏರುತ್ತದೆ.

೪. ಹುಳು ಬಂದ ದಾರಿ

ದಕ್ಷಿಣ ಕರ್ನಾಟಕದಲ್ಲಿ ರೇಷ್ಮೆ ಸಾಕಣೆಯ ಚರಿತ್ರೆ ಸಾಕಷ್ಟು ಸ್ಪಷ್ಟವಾಗಿದೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನು ಬಂಗಾಳದಿಂದ ಹುಳುಗಳನ್ನು ತರಿಸಿ ಸಾಕಣೆಗೆ ಪ್ರೋತ್ಸಾಹ ನೀಡಿದನು. 1890ರ ದಶಕದಲ್ಲಿ ಜೆಮ್‌ಶೆಟ್‌ಜಿ ಟಾಟಾ ಅವರು ಜಪಾನಿ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ಆರಂಭಿಸಿದ ರೇಷ್ಮೆ ತೋಟವು ಇಂದಿಗೂ ಒಂದು ಬಡಾವಣೆಯ ಹೆಸರಾಗಿ ಉಳಿದಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆಯ ಕಾರ್ಖಾನೆ ಸ್ಥಾಪನೆಯಾಯಿತು. 1948ರ ಕಾಯ್ದೆಯಂತೆ ಕೇಂದ್ರ ರೇಷ್ಮೆ ಮಂಡಳಿ ರೂಪುಗೊಂಡಿತು. 1961ರಲ್ಲಿ ಮೈಸೂರಿನಲ್ಲಿ ಕೇಂದ್ರದ ಸಂಶೋಧನಾ ಸಂಸ್ಥೆ ಆರಂಭವಾಯಿತು. 1980ರಲ್ಲಿ ವಿಶ್ವಬ್ಯಾಂಕಿನ ನೆರವಿನ ಕರ್ನಾಟಕ ರೇಷ್ಮೆ ಯೋಜನೆ ಬಂದಿತು.

ಈ ಚರಿತ್ರೆಯ ಪೂರ್ವಾರ್ಧದುದ್ದಕ್ಕೂ ಬಸವಕಲ್ಯಾಣ ಮತ್ತು ಹುಮನಾಬಾದಗಳು ಬೇರೊಂದು ರಾಜ್ಯದಲ್ಲಿದ್ದವು. 1948ರ ಸೆಪ್ಟೆಂಬರಿನವರೆಗೆ ಅವು ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಮೈಸೂರು ಸಂಸ್ಥಾನವು ಹಳ್ಳಿಹಳ್ಳಿಗೆ ಒಯ್ದ ಬಿತ್ತನೆ ಕೋಠಿ, ತರಬೇತಿ, ಗೂಡಿನ ಸಂತೆಗಳ ಜಾಲ ಇಲ್ಲಿಗೆ ತಲುಪಿರಲಿಲ್ಲ. ಹೀಗಾಗಿ ಕಲ್ಯಾಣದ ನೆಲಕ್ಕೆ ಹುಳು ಬಂದಾಗ ಅದರೊಡನೆ ದಕ್ಷಿಣದ ಕನ್ನಡವೂ ಬಂದಿತು.

ಆ ಕಸುಬಿನ ಕನ್ನಡವು ಜಾನಪದ ವಿದ್ಯಾರ್ಥಿಗೆ ಒಂದು ನಿಧಿ. ಎಳೆಯ ಹುಳುವಿನ ಸಾಕಣೆ ‘ಚಾಕಿ’. ಹುಳು ಮೇವು ಬಿಟ್ಟು ಪೊರೆ ಕಳಚುವ ಸ್ಥಿತಿಗೆ ‘ಜ್ವರ’ವೆಂದು ಹೆಸರು. ನಾಲ್ಕು ಜ್ವರ ದಾಟಿದ ಹುಳು ಐದನೆಯ ಹಂತದಲ್ಲಿ ಹಗಲಿರುಳು ಸೊಪ್ಪು ಮೇಯುತ್ತದೆ. ಮೊಟ್ಟೆಯೊಡೆದ ಮರಿಯು ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ತನ್ನ ತೂಕವನ್ನು ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚಿಸಿಕೊಳ್ಳುತ್ತದೆ. ಮೈ ಅರೆಪಾರದರ್ಶಕವಾಗಿ ನೂಲು ಬಿಡಲು ಸಿದ್ಧವಾದ ಹುಳುವನ್ನು ‘ಹಣ್ಣಾಯಿತು’ ಎನ್ನುತ್ತಾರೆ. ಹಣ್ಣಾದ ಹುಳುವನ್ನು ‘ಚಂದ್ರಿಕೆ’ಗೆ ಏರಿಸುತ್ತಾರೆ. ಅಲ್ಲಿ ಅದು ಕಟ್ಟುವುದು ‘ಗೂಡು’. ಒಂದು ಸರದಿಯ ಸಾಕಣೆಯೆಲ್ಲ ಸೇರಿ ಒಂದು ‘ಬೆಳೆ’. ರೋಗಗಳಿಗೂ ಹಾಲುರೋಗ, ಸುಣ್ಣಕಟ್ಟು, ಸಪ್ಪೆರೋಗ, ಗಂಟುರೋಗ ಎಂಬ ಕಣ್ಣಿಗೆ ಕಟ್ಟುವ ಹೆಸರುಗಳಿವೆ.

ಈ ಪದಗಳನ್ನು ಸಾಲಾಗಿ ಇರಿಸಿ ನೋಡಿದರೆ ಹುಳುವಿನ ಸ್ಥಾನವು ಹಂತಹಂತವಾಗಿ ಬದಲಾಗುವುದು ಗೋಚರವಾಗುತ್ತದೆ. ಜ್ವರ ಬರುವಾಗ ಅದು ಮನೆಯ ಮಗು. ಅದಕ್ಕೆ ಸೆಖೆ, ಚಳಿ, ಗಾಳಿಗಳ ಆರೈಕೆ ಬೇಕು, ದೃಷ್ಟಿ ತಾಗಬಾರದು, ಹೊರಗಿನವರು ಚಪ್ಪಲಿ ಮೆಟ್ಟಿ ಒಳಗೆ ಬರಬಾರದು. ಹಣ್ಣಾದಾಗ ಅದು ಫಲ. ಗೂಡು ಕಟ್ಟಿದಾಗ ಬೆಳೆ. ಬೆಳೆಯಾದ ಮೇಲೆ ಅದು ಮಾರುಕಟ್ಟೆಯ ಸರಕು. ಅಲ್ಲಿಂದ ಮುಂದೆ ಅದನ್ನು ‘ಬೇಯಿಸುತ್ತಾರೆ’, ನೂಲು ‘ಬಿಚ್ಚುತ್ತಾರೆ’. ಬಿಚ್ಚಿದ ಮೇಲೆ ಉಳಿಯುವ ಕೋಶಕ್ಕೆ ಮಗುವಿನದಾಗಲಿ ಫಲದ್ದಾಗಲಿ ಹೆಸರಿಲ್ಲ. ಅದು ತ್ಯಾಜ್ಯ. ಸಾಕುವವರು ಒಂದು ಕಡೆ, ಬೇಯಿಸುವವರು ಇನ್ನೊಂದು ಕಡೆ ಇರುವುದರಿಂದ ಈ ಬದಲಾವಣೆ ಯಾರೊಬ್ಬರ ಮನಸ್ಸಿಗೂ ಭಾರವಾಗದಂತೆ ನಡೆದುಹೋಗುತ್ತದೆ.

ಕಲ್ಯಾಣದ ರೈತನ ವಿಷಯದಲ್ಲಿ ಈ ಅಂತರವು ಅಕ್ಷರಶಃ ನೂರಾರು ಕಿಲೋಮೀಟರು. 1959ರ ಕರ್ನಾಟಕದ ಕಾಯ್ದೆಯು ಗೂಡಿನ ವಹಿವಾಟನ್ನು ಪರವಾನಗಿ ಪಡೆದ ಮಾರುಕಟ್ಟೆಗಳಿಗೆ ಕಟ್ಟಿತು. ಕಲ್ಯಾಣ ಕರ್ನಾಟಕದ ಬೆಳೆಗಾರರು ಗೂಡನ್ನು ರಾಮನಗರದವರೆಗೂ ಒಯ್ದು ಮಾರುವುದುಂಟು. ಗಡಿಯಾಚೆ ಮಹಾರಾಷ್ಟ್ರದ ಜಾಲ್ನಾದಲ್ಲಿಯೂ ಗೂಡಿನ ಮಾರುಕಟ್ಟೆ ಇದೆ. ಧಾನ್ಯದಂತೆ ಗೂಡನ್ನು ಹಗೇವಿನಲ್ಲಿಟ್ಟು ಬೆಲೆ ಬರುವವರೆಗೆ ಕಾಯಲಾಗದು. ಗೂಡು ಬಿಡಿಸಿದ ಕೆಲವೇ ದಿನಗಳಲ್ಲಿ ಅದು ಒಣಗಿಸುವವರ ಅಥವಾ ನೂಲು ಬಿಚ್ಚುವವರ ಕೈ ಸೇರದಿದ್ದರೆ ಚಿಟ್ಟೆ ಹೊರಬಂದು ಬೆಳೆ ಕೈತಪ್ಪುತ್ತದೆ. ಒಳಗಿರುವ ಜೀವಿಯ ಆಯುಸ್ಸೇ ಸಂತೆಯ ಗಡುವು. ದೂರದಿಂದ ಬಂದ ರೈತನಿಗೆ ಕೇಳಿದ ಬೆಲೆಗೆ ಕೊಟ್ಟು ಹೋಗದೆ ಗತ್ಯಂತರವಿಲ್ಲ ಎಂಬ ಸ್ಥಿತಿ ಏರ್ಪಡುವುದು ಈ ಗಡುವಿನಿಂದಲೇ.

೫. ನೂಲು ಮಡಿ, ಹುಳು ಮೈಲಿಗೆ

ಹಸಿಗೂಡಿನ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಭಾಗ ಒಳಗಿನ ಕೋಶದ್ದೇ. ಒಂದು ಕಿಲೋಗ್ರಾಂ ಕಚ್ಚಾ ರೇಷ್ಮೆಗೆ ಆರೇಳು ಕಿಲೋಗ್ರಾಂ ಗೂಡು ಬೇಕಾಗುವುದರಿಂದ, ನೂಲಿಗಿಂತ ಹಲವು ಪಟ್ಟು ತೂಕದ ಕೋಶ ಉಳಿಯುತ್ತದೆ. ಒಣಗಿಸಿದ ಕೋಶದಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಸಸಾರಜನಕವಿದೆ. ಕರ್ನಾಟಕದಲ್ಲಿ ಇದು ಎಣ್ಣೆಗೂ, ಕೋಳಿ ಹಾಗೂ ಮೀನುಗಳ ಮೇವಿಗೂ ಹೋಗುತ್ತದೆ. ಅಸ್ಸಾಮಿನ ಬೋಡೋ ಮೊದಲಾದ ಸಮುದಾಯಗಳು ಹರಳೆಲೆ ಮೇಯುವ ಏರಿ ಹುಳುವನ್ನು ನೂಲಿಗಾಗಿ ಎಷ್ಟೋ ಊಟಕ್ಕಾಗಿಯೂ ಅಷ್ಟೇ ಸಾಕುತ್ತವೆ. ಕೊರಿಯಾದಲ್ಲಿ ಬೇಯಿಸಿದ ರೇಷ್ಮೆ ಕೋಶವು ‘ಬೊಂಡೆಗಿ’ ಎಂಬ ಹೆಸರಿನ ಬೀದಿ ತಿಂಡಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು 2013ರಲ್ಲಿ ಪ್ರಕಟಿಸಿದ ವರದಿಯು ಜಗತ್ತಿನಲ್ಲಿ 1900ಕ್ಕೂ ಹೆಚ್ಚು ಜಾತಿಯ ಕೀಟಗಳು ಆಹಾರವಾಗಿವೆ ಎಂದು ದಾಖಲಿಸಿತು. ಅದೇ ವರ್ಷ ಪ್ರಕಟವಾದ ಅದರ ಮತ್ತೊಂದು ಅಧ್ಯಯನವು ಥಾಯ್ಲೆಂಡಿನಲ್ಲಿ ಜೀರುಂಡೆಯಂತೆ ಸದ್ದುಮಾಡುವ ಮಿಡತೆವರ್ಗದ ಹುಳುಗಳ ಸಾಕಣೆ ಕೇಂದ್ರಗಳು ಸುಮಾರು 20,000 ಇದ್ದವೆಂದು ತಿಳಿಸಿತು. ಯುರೋಪಿನ ಒಕ್ಕೂಟವು 2021ರಲ್ಲಿ ಹಿಟ್ಟಿನ ಹುಳುವೊಂದನ್ನು ಆಹಾರವೆಂದು ಒಪ್ಪಿತು.

ಇವನ್ನು ಕೇಳಿದಾಗ ನಮ್ಮಲ್ಲಿ ಅನೇಕರು ಮೂಗು ಮುರಿಯುವುದುಂಟು. ಆದರೆ ಕೀಟಾಹಾರವು ಕನ್ನಡನಾಡಿಗೆ ಅನ್ಯವಲ್ಲ. ಮಲೆನಾಡಿನ ಚಗಳಿ ಇರುವೆಯ ಚಟ್ನಿಗೆ ಇಂದು ಪಟ್ಟಣದ ಓದುಗರಲ್ಲಿಯೂ ಪ್ರಚಾರ ದೊರೆತಿದೆ. ಇಂಥದೇ ಕೆಂಪಿರುವೆಯ ಒಡಿಶಾದ ಸಿಮಿಲಿಪಾಲ ಚಟ್ನಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂದಿತು. ಮುಂಗಾರಿನ ಮೊದಲ ಮಳೆಗೆ ಹುತ್ತದಿಂದ ಏಳುವ ರೆಕ್ಕೆಯ ಗೆದ್ದಲನ್ನು, ಅಂದರೆ ಈಸಲು ಹುಳುವನ್ನು, ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಹಿಡಿದು ಹುರಿದು ತಿನ್ನುವ ರೂಢಿ ಇದೆ. ಸೋಲಿಗರು, ಜೇನುಕುರುಬರು ಜೇನಿನೊಡನೆ ಅದರ ಮರಿಹುಳುವನ್ನೂ ಬಲ್ಲರು. ಇವು ಬರಗಾಲದ ಒತ್ತಾಯದ ತಿನಿಸುಗಳಲ್ಲ. ಋತು, ರುಚಿ, ಔಷಧಗುಣಗಳ ಖಚಿತ ತಿಳಿವಳಿಕೆಯಿಂದ ಕೂಡಿದ ಆಹಾರಗಳು. ಮಾನಸೋಲ್ಲಾಸದ ಇಲಿ, ಆಮೆಗಳಿಗೆ ಒದಗಿದ ಮರೆವೇ ಇವುಗಳಿಗೂ ಒದಗುತ್ತಿದೆ. ತಿನ್ನುವವರು ಮೇಲಿನವರ ಮುಂದೆ ಹೇಳಿಕೊಳ್ಳಲು ನಾಚುವಂತಾದಾಗ ಆಹಾರವೊಂದು ಮೊದಲು ಮಾತಿನಿಂದಲೂ ಅನಂತರ ತಟ್ಟೆಯಿಂದಲೂ ಮರೆಯಾಗುತ್ತದೆ.

ಮಡಿ–ಮೈಲಿಗೆಯ ಈ ವ್ಯವಸ್ಥೆಯ ಒಳತರ್ಕವನ್ನು ಗಾದೆಯೊಂದು ಚೆನ್ನಾಗಿ ಹಿಡಿದಿದೆ: ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು. ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವಾಗ ಪೂಜೆ ಸಲ್ಲುವುದು ಹಾವಿಗೆ, ಮಣ್ಣು ಹೊತ್ತ ಗೆದ್ದಲಿಗಲ್ಲ. ಜೇನು ಅಭಿಷೇಕಕ್ಕೆ ಒದಗುತ್ತದೆ, ಜೇನ್ನೊಣ ಹೊರಗುಳಿಯುತ್ತದೆ. ಪಟ್ಟೆ ಸೀರೆ ದೇವಿಗೆ ಸಲ್ಲುತ್ತದೆ, ಹುಳು ತಿನ್ನುವವರು ಕೀಳೆನಿಸುತ್ತಾರೆ. ಒಂದೇ ಗೂಡಿನ ಹೊರಭಾಗ ಮಡಿಯಾಗಿ ಒಳಭಾಗ ಮೈಲಿಗೆಯಾಗುವುದು ಹುಳುವಿನ ಸ್ವಭಾವದಿಂದಲ್ಲ. ಯಾರು ಉಡುತ್ತಾರೆ, ಯಾರು ತಿನ್ನುತ್ತಾರೆ ಎಂಬುದರಿಂದ. ಈ ತಾರತಮ್ಯದ ನೆರಳು ಮನುಷ್ಯರ ಮೇಲೂ ಬೀಳುತ್ತದೆ. ನೇಕಾರನಿಗೆ ಶಾಸನವಿದೆ, ಉಡುವ ಅರಸನಿಗೆ ಗ್ರಂಥವಿದೆ. ಬಿಸಿನೀರಿನಲ್ಲಿ ಬೆರಳು ಅದ್ದಿ ಎಳೆ ಹುಡುಕುವ, ಬೆಂದ ಕೋಶದ ವಾಸನೆಯಲ್ಲಿ ದಿನವಿಡೀ ದುಡಿಯುವ ನೂಲು ಬಿಚ್ಚುವ ಹೆಂಗಸಿಗೆ ನಮ್ಮ ಸಂಗ್ರಹಗಳಲ್ಲಿ ಇನ್ನೂ ತಕ್ಕ ಸ್ಥಳ ದೊರೆತಿಲ್ಲ. ಅಕ್ಕನ ರೂಪಕದಲ್ಲಿ ಕಾಣದ ಕೈ ಅವಳದೇ ಪರಂಪರೆಯದು.

೬. ಆಗಬೇಕಾದ ಕೆಲಸ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಕಲ್ಯಾಣವು ಚರಿತ್ರೆಯಲ್ಲಿ ರೇಷ್ಮೆಯನ್ನು ಉಟ್ಟ ನಗರ. ಅಲ್ಲಿ ಹುಳು ಸಾಕುತ್ತಿದ್ದರೆಂದು ಹೇಳಲು ವಚನದ ರೂಪಕವೊಂದೇ ಆಧಾರವಾಗದು. ಆದರೆ ವಸ್ತ್ರದ ಹಿಂದಿನ ಜೀವಿಯನ್ನು ಹೆಸರಿಟ್ಟು ಕರೆದು, ಅದರ ಪಾಡಿನಲ್ಲಿ ಮನುಷ್ಯನ ಪಾಡನ್ನು ಕಂಡ ಭಾಷೆಯು ಬೆಳೆದದ್ದು ಈ ಪರಿಸರದ ಶರಣಪರಂಪರೆಯಲ್ಲಿ. ಈಗ ಹುಳುವೇ ಆ ನೆಲಕ್ಕೆ ಬಂದಿದೆ.

ಹೊಸ ಕಸುಬೊಂದು ಜಾನಪದವಾಗುವ ಪ್ರಕ್ರಿಯೆಯನ್ನು ಕಣ್ಣೆದುರಿಗೆ ಗಮನಿಸುವ ಅವಕಾಶ ಸಂಶೋಧಕರಿಗೆ ಅಪರೂಪ. ಬೀದರ ಸೀಮೆಯ ಆಡುಮಾತಿನಲ್ಲಿ ಕನ್ನಡದೊಡನೆ ಮರಾಠಿ, ದಖನಿ ಉರ್ದುಗಳು ಬೆರೆತಿವೆ. ದಕ್ಷಿಣದವರ ಹಿಪ್ಪುನೇರಳೆ ಮರಾಠಿಯವರ ಬಾಯಲ್ಲಿ ‘ತುತಿ’. ಇಲಾಖೆಯ ಕೈಪಿಡಿಯ ‘ದ್ವಿತಳಿ’, ರಾಮನಗರದ ‘ಜ್ವರ’, ಗಡಿಯಾಚೆಯ ‘ತುತಿ’ಗಳಲ್ಲಿ ಯಾವುದು ಇಲ್ಲಿ ನೆಲೆ ನಿಲ್ಲುತ್ತದೆ, ಹುಳುಮನೆಯ ನಿಷೇಧಗಳು ದಕ್ಷಿಣದಿಂದ ಬರುತ್ತವೆಯೋ ಇಲ್ಲಿಯ ಹೈನು, ಒಕ್ಕಣೆಗಳ ಆಚರಣೆಯಿಂದ ಹುಟ್ಟುತ್ತವೆಯೋ, ಸಕಲ ಜೀವಗಳಲ್ಲಿ ದಯೆಯನ್ನು ಬೋಧಿಸಿದ ಶರಣರ ಮಾತಿನೊಡನೆ ಗೂಡು ಬೇಯಿಸುವ ವ್ಯವಹಾರವನ್ನು ಶರಣರ ಊರಿನ ಒಕ್ಕಲಿಗನು ಹೇಗೆ ಹೊಂದಿಸಿಕೊಳ್ಳುತ್ತಾನೆ ಎಂಬ ಪ್ರಶ್ನೆಗಳಿಗೆ ಉತ್ತರ ಮೊದಲ ತಲೆಮಾರಿನ ಸಾಕಣೆದಾರರಲ್ಲಿದೆ. ಎರಡನೆಯ ತಲೆಮಾರಿಗೆ ಎಲ್ಲವೂ ಹಿಂದಿನಿಂದ ಬಂದ ಪದ್ಧತಿಯಾಗಿ ಬಿಡುತ್ತದೆ. ಬೆಳೆಗೆ ಬೆಲೆ ದೊರೆಯದೆ ತೋಟವನ್ನು ಕಿತ್ತು ಮರಳಿ ಕಬ್ಬು ಹಾಕಿದರೆ ಆ ಪದಗಳು ಹುಟ್ಟಿದಲ್ಲಿಯೇ ಕಮರುತ್ತವೆ.

ಆದುದರಿಂದ ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳ ರೇಷ್ಮೆ ಸಾಕಣೆದಾರರ ಕಸುಬಿನ ಪದಕೋಶವನ್ನು ಸಿದ್ಧಪಡಿಸುವುದು, ರಾಮನಗರ, ಶಿಡ್ಲಘಟ್ಟಗಳಲ್ಲಿ ನೂಲು ಬಿಚ್ಚುವ ಮಹಿಳೆಯರ ಕಥನಗಳನ್ನು ಅದರೊಡನೆ ಸೇರಿಸುವುದು, ನಾಡಿನ ಕೀಟಾಹಾರದ ರೂಢಿಗಳನ್ನು ತಿನ್ನುವವರ ಮಾತಿನಲ್ಲಿಯೇ, ಅವರಿಗೆ ನಾಚಿಕೆಯಾಗದ ರೀತಿಯಲ್ಲಿ ದಾಖಲಿಸುವುದು ತುರ್ತಾಗಿ ಆಗಬೇಕಾದ ಕೆಲಸಗಳು. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು ಕೃಷಿ ಮತ್ತು ರೇಷ್ಮೆ ವಿಜ್ಞಾನಿಗಳೊಡನೆ ಕೂಡಿ ಇದನ್ನು ಕೈಗೊಂಡರೆ, ವಸ್ತ್ರದ ಚರಿತ್ರೆಯ ಪಕ್ಕದಲ್ಲಿ ಅದನ್ನು ಸಾಕಿದ, ಬೇಯಿಸಿದ, ಬಿಚ್ಚಿದ ಕೈಗಳ ಚರಿತ್ರೆಯೂ ಕನ್ನಡದಲ್ಲಿ ಬರೆಯಲ್ಪಡುತ್ತದೆ.